ಹದ್ದಿನ ಹೆಸರಿಗೆ ‘ಏಟಸ್’ ಅಂಟಿದ್ದು ಹೇಗೆ?

ಪ್ರಶ್ನೆ: ನಿಸೇಟಸ್, ಸರ್ಕೇಟಸ್, ಇಕ್ಟಿನೇಟಸ್... ಹದ್ದುಗಳ ವೈಜ್ಞಾನಿಕ ಹೆಸರುಗಳೆಲ್ಲ ‘ಏಟಸ್’ ಎಂದೇ ಮುಗಿಯುವುದೇಕೆ?
– ಹಕ್ಕಿಪ್ರಿಯ ಓದುಗರು, ಮೈಸೂರು

ಉತ್ತರ: ಪ್ರಾಚೀನ ಗ್ರೀಕಿನಲ್ಲಿ ‘ಏಟೋಸ್’ ಅಂದರೆ ಹದ್ದು. ಲ್ಯಾಟಿನ್ ವೇಷ ತೊಟ್ಟಾಗ ಅದು ‘ಏಟಸ್’ ಆಯಿತು. ಎಂಥ ಹದ್ದು ಎಂಬುದನ್ನು ಅದರ ಮುಂದಿರುವ ಪದ ಹೇಳುತ್ತದೆ. ‘ಇಕ್ಟಿನೋಸ್’ ಎಂದರೆ ನಮ್ಮೂರಿನ ಮೇಲೆ ಹಾರಾಡುವಂಥ ಸಾಮಾನ್ಯ ಹದ್ದು, ಇಂಗ್ಲಿಷಿನ ಕೈಟ್. ಅದರಿಂದ ಬಂದದ್ದು ಪಶ್ಚಿಮ ಘಟ್ಟದ ಕಾಡಿನ ನೆತ್ತಿ ಸವರುವಂತೆ ತೇಲುವ ಕರಿ ಹದ್ದಿನ ಹೆಸರು, ಇಕ್ಟಿನೇಟಸ್. ‘ಕಿರ್ಕೋಸ್’ ಒಂದು ಬಗೆಯ ಗಿಡುಗ; ಬಯಲಿನಲ್ಲಿ ಹಾವು ಹಿಡಿಯುವ ಹದ್ದು ಸರ್ಕೇಟಸ್. ‘ಹಾಲ್ಸ್’ ಎಂದರೆ ಕಡಲು; ನೇತ್ರಾಣಿ ದ್ವೀಪದಲ್ಲಿ ಗೂಡು ಕಟ್ಟುವ ಬಿಳಿಹೊಟ್ಟೆಯ ಕಡಲ ಹದ್ದು ಹಾಲಿಯೇಟಸ್.

ಪ್ರಶ್ನೆ: ಈ ಕಡಲ ಹದ್ದಿನ ಹೆಸರನ್ನು ರೋಮನ್ ಲಿಪಿಯಲ್ಲಿ ಬರೆಯುವಾಗ ‘ಇ’ ಅಕ್ಷರ ಜೋಡಿಯಾಗಿ ಬರುತ್ತದೆ. ಮೀನು ಹಿಡಿಯುವ ಆಸ್‌ಪ್ರೇಯ ಹೆಸರು ‘ಪ್ಯಾಂಡಿಯನ್ ಹಾಲಿಯೇಟಸ್’ನಲ್ಲಿ ಒಂದೇ ‘ಇ’. ಯಾವುದು ಸರಿ?
– ಶಿಕ್ಷಕಿ, ಹೊನ್ನಾವರ

ಉತ್ತರ: ಎರಡೂ ಸರಿ. ಗ್ರೀಕಿನಲ್ಲೇ ಈ ಪದಕ್ಕೆ ಒಂದಕ್ಕಿಂತ ಹೆಚ್ಚು ರೂಪಗಳಿದ್ದವು. ಆಸ್‌ಪ್ರೇಗೆ 1758ರಲ್ಲಿ ಲಿನೇಯಸ್ ಒಂದು ‘ಇ’ ಬಳಸಿದ. ಕಡಲ ಹದ್ದುಗಳ ಕುಲಕ್ಕೆ 1809ರಲ್ಲಿ ಫ್ರಾನ್ಸಿನ ಸಾವಿನ್ಯಿ ಎರಡು ಬಳಸಿದ. ಮೊದಲು ಪ್ರಕಟವಾದ ಕಾಗುಣಿತವನ್ನು ಸಾಮಾನ್ಯವಾಗಿ ತಿದ್ದಬಾರದೆಂಬುದು ಪ್ರಾಣಿನಾಮಕರಣದ ನಿಯಮ. ಹಾಗಾಗಿ ಎರಡೂ ಉಳಿದುಕೊಂಡಿವೆ.

ಪ್ರಶ್ನೆ: ‘ಏಟಸ್’ ಇದ್ದರೆ ಹದ್ದು, ಇಲ್ಲದಿದ್ದರೆ ಅಲ್ಲ ಎನ್ನಬಹುದೇ?
– ಪಿಯುಸಿ ವಿದ್ಯಾರ್ಥಿ, ಶಿವಮೊಗ್ಗ

ಉತ್ತರ: ಹಾಗೆ ನಂಬಿದರೆ ಮೋಸಹೋಗುತ್ತೀರಿ. ನಮ್ಮ ಕಾಡುಗಳ ಜುಟ್ಟಿನ ಸರ್ಪ ಹದ್ದು ‘ಸ್ಪಿಲಾರ್ನಿಸ್ ಚೀಲಾ’. ‘ಚುಕ್ಕೆಯ ಹಕ್ಕಿ’ ಎಂಬರ್ಥದ ಗ್ರೀಕಿಗೆ ಹಿಂದಿಯ ‘ಚೀಲ್’ ಸೇರಿ ಆದ ಹೆಸರು, ಏಟಸ್ ಎಲ್ಲೂ ಇಲ್ಲ. ಇತ್ತ ‘ಏಟೊಬೇಟಸ್’ ಹಕ್ಕಿಯೇ ಅಲ್ಲ, ರೆಕ್ಕೆ ಬಡಿದಂತೆ ಈಜುವ ತೊರಕೆ ಮೀನು.

ಹೆಸರೂ ಶಾಶ್ವತವಲ್ಲ. ಬೊನೆಲ್ಲಿ ಹದ್ದು ಹಿಂದೆ ‘ಹೈರೇಟಸ್ ಫ್ಯಾಸಿಯೇಟಸ್’ ಆಗಿತ್ತು. ವಂಶವಾಹಿ ಅಧ್ಯಯನಗಳ ನಂತರ ಅದನ್ನು ‘ಅಕ್ವಿಲಾ’ ಕುಲಕ್ಕೆ ಸೇರಿಸಿದರು. ಅಕ್ವಿಲಾ ಎಂದರೂ ಹದ್ದೇ, ಆದರೆ ಲ್ಯಾಟಿನ್ನಿನಲ್ಲಿ ಸ್ತ್ರೀಲಿಂಗ. ಹೀಗಾಗಿ ‘ಫ್ಯಾಸಿಯೇಟಸ್’ ಕೂಡ ‘ಫ್ಯಾಸಿಯೇಟಾ’ ಆಗಬೇಕಾಯಿತು. ಅಂದಹಾಗೆ, ‘ಫ್ಯಾಸಿಯೇಟಸ್’ ಎಂದರೆ ಪಟ್ಟೆಯುಳ್ಳದ್ದು. ಅದರ ತುದಿಯ ‘ಏಟಸ್’ಗೂ ಹದ್ದಿಗೂ ಸಂಬಂಧವೇ ಇಲ್ಲ. ಪರೀಕ್ಷೆಯಲ್ಲಿ ಬಿಡಿಸಿ ಬರೆಯುವಾಗ ಎಚ್ಚರ!