ಆರೋಗ್ಯ ಪ್ರಶ್ನೋತ್ತರ: ನೆತ್ತಿಗೆ ಹತ್ತಿದ ಕಡಲೆಬೀಜ

ಈ ಸಲ ಬಂದ ಕಾಗದಗಳಲ್ಲಿ ಅರ್ಧಕ್ಕೂ ಮಿಗಿಲಾದವು ತ್ಯಾಗರಾಜನಗರದಿಂದಲೂ ಅದರ ನೆರೆಯ ಬಡಾವಣೆಗಳಿಂದಲೂ, ಅದರಲ್ಲಿಯೂ ಮೂವರು ನಾಲ್ವರು ಚಿಕ್ಕ ಮಕ್ಕಳಿರುವ ಮನೆಗಳಿಂದ ಬಂದವು. ಪರಿಷೆ, ಪ್ರವಾಸ, ಫಲಪುಷ್ಪ ಪ್ರದರ್ಶನ, ಬಂಧುಗಳ ಮದುವೆ ಎಂದು ಮಕ್ಕಳ ದಂಡನ್ನು ಕಟ್ಟಿಕೊಂಡು ಹೊರಟು, ಹಿಂದಿರುಗಿದ ಮೇಲೆ ಅವರಲ್ಲೊಂದು ಮಗು ಮಲಗಿದರೆ, ಬಿಸಿಲು, ಗಾಳಿ, ದೃಷ್ಟಿ, ಹಲ್ಲು ಎಂಬ ನಾಲ್ಕರಲ್ಲಿ ಒಂದರ ಮೇಲೆ ಅಪರಾಧವನ್ನು ಹೊರಿಸಿ ನಿಶ್ಚಿಂತರಾಗುವುದು ನಮ್ಮ ಮನೆಗಳ ಹಳೆಯ ಪದ್ಧತಿ. ಕಾಗದಗಳನ್ನು ಸಂಕ್ಷೇಪಿಸಿದ್ದೇನೆ, ಉತ್ತರಗಳನ್ನು ಸಂಕ್ಷೇಪಿಸುವುದು ನನ್ನ ಕೈಯಲ್ಲಿ ಆಗಲಿಲ್ಲ.

ಪ್ರಶ್ನೆ: ನಮಗೆ ಮೂವರು ಮಕ್ಕಳು. ಮೈಸೂರಿಗೆ ಹೋಗುವಾಗಲೆಲ್ಲ ಏಳು ವರ್ಷದ ನಡುವಿನವಳು ಕಾರಿನಲ್ಲಿ ವಾಂತಿ ಮಾಡುತ್ತಾಳೆ. ಉಳಿದಿಬ್ಬರಿಗೆ ಏನೂ ಆಗುವುದಿಲ್ಲ. ಅವಳ ಲಿವರ್ ವೀಕಾಗಿದೆಯೇ? — ಒಬ್ಬ ತಾಯಿ, ತ್ಯಾಗರಾಜನಗರ

ಲಿವರಿನ ಪಾಡಿಗೆ ಲಿವರನ್ನು ಬಿಡಿ. ಒಳಗಿವಿಯು ಶರೀರ ಚಲಿಸುತ್ತಿದೆಯೆಂದು ಹೇಳುತ್ತಿರುವಾಗ, ಕೈಯಲ್ಲಿರುವ ಮೊಬೈಲನ್ನು ನೋಡುತ್ತಿರುವ ಕಣ್ಣು ಎಲ್ಲವೂ ನಿಶ್ಚಲವಾಗಿದೆಯೆಂದು ಹೇಳಿದರೆ, ಈ ಎರಡು ಸಾಕ್ಷ್ಯಗಳ ನಡುವೆ ಸಿಕ್ಕಿಕೊಂಡ ಮಿದುಳು ಹೊಟ್ಟೆಯನ್ನು ತೊಳಸುತ್ತದೆ. ಎರಡರಿಂದ ಹನ್ನೆರಡು ವರ್ಷದವರೆಗಿನ ಮಕ್ಕಳಲ್ಲಿ ಇದು ಸರ್ವೇಸಾಮಾನ್ಯ, ಮತ್ತು ಬಹುಮಟ್ಟಿಗೆ ವಯಸ್ಸಿನೊಡನೆ ತಾನೇ ಹೋಗತಕ್ಕದ್ದು. ಆದರೆ ನಿಮ್ಮ ಕಾಗದದ ಮೂರನೆಯ ಪುಟದಲ್ಲಿ, ಏನೂ ಅಲ್ಲವೆಂಬಂತೆ, ಬಿಡದಿಯಲ್ಲಿ ನಿಲ್ಲಿಸಿ ಮಕ್ಕಳಿಗೆ ಬೆಣ್ಣೆ ಹಾಕಿದ ತಟ್ಟೆ ಇಡ್ಲಿಯನ್ನು ಎರಡೆರಡು ಕೊಡಿಸುವ ಸಂಗತಿಯನ್ನು ಬರೆದಿದ್ದೀರಿ. ಅದು ರಾಮನಗರ ಮುಟ್ಟುವುದರೊಳಗೆ ಹೊರಗೆ ಬರುವುದರಲ್ಲಿ ಆಶ್ಚರ್ಯವೇನಿದೆ? ಹೊರಡುವ ಎರಡು ಗಂಟೆ ಮೊದಲು ಮನೆಯಲ್ಲಿಯೇ ಲಘುವಾಗಿ ಏನಾದರೂ ತಿನ್ನಿಸಿ, ಮುಂದಿನ ರಸ್ತೆ ಕಾಣುವಂತೆ ಅವಳನ್ನು ಹಿಂದಿನ ಸೀಟಿನ ನಡುವೆ ಬೆಲ್ಟು ಕಟ್ಟಿ ಕೂರಿಸಿ, ಕಿಟಕಿಯನ್ನು ಸ್ವಲ್ಪ ತೆರೆದಿಡಿ. ಮಾತ್ರೆ ಬೇಕೇ ಬೇಕೆನಿಸಿದರೆ ಮಗುವಿನ ತೂಕ ನೋಡಿ ವೈದ್ಯರು ಬರೆದುಕೊಡಬೇಕು. ಅದೇ ಮಾತ್ರೆಯ ಅರ್ಧವನ್ನು ಎರಡು ವರ್ಷ ತುಂಬದ ತಮ್ಮನಿಗೂ ಹಾಕಿ ಮಲಗಿಸುವ ಸಾಹಸವನ್ನು ದಯವಿಟ್ಟು ಮಾಡಬೇಡಿ. ಪ್ರಯಾಣವೇ ಇಲ್ಲದೆ ಬೆಳಗಿನ ಹೊತ್ತು ತಲೆನೋವಿನೊಡನೆ ವಾಂತಿಯಾದರೆ ಅದು ಬೇರೆ ವಿಷಯ. ಆಗ ಕಣ್ಣಿನ ಹಿಂಭಾಗವನ್ನೂ ನರಗಳನ್ನೂ ತಡಮಾಡದೆ ಪರೀಕ್ಷೆ ಮಾಡಿಸಬೇಕು.

ಪ್ರಶ್ನೆ: ಕಡಲೆಕಾಯಿ ಪರಿಷೆಗೆ ನಾಲ್ವರು ಮಕ್ಕಳನ್ನೂ ಕರೆದುಕೊಂಡು ಹೋಗಿದ್ದೆವು. ಎರಡು ವರ್ಷದ ಕೊನೆಯವನಿಗೆ ಅಲ್ಲಿ ಕಡಲೆಬೀಜ ತಿನ್ನುವಾಗ ನೆತ್ತಿಗೆ ಹತ್ತಿ ಜೋರು ಕೆಮ್ಮು ಬಂತು. ಅಜ್ಜಿ ನೆತ್ತಿ ತಟ್ಟಿದ ಮೇಲೆ ನಿಂತಿತು. ಆದರೆ ಮೂರು ವಾರದಿಂದ ಕೆಮ್ಮು, ಗೊರಗೊರ ಶಬ್ದ ಹೋಗಿಲ್ಲ. ಎರಡು ಸಿರಪ್ ಆಯಿತು. ಪರಿಷೆಯ ಧೂಳಿನಿಂದ ಥಂಡಿಯೇ? — ಒಬ್ಬ ತಂದೆ

ಇವರ ಕಾಗದವನ್ನು ಓದಿದ ಸಂಜೆಯೇ ದೂರವಾಣಿಯ ಮೂಲಕ ಅವರನ್ನು ಸಂಪರ್ಕಿಸಿ, ಈ ಅಂಕಣ ಅಚ್ಚಾಗುವವರೆಗೆ ಕಾಯಬೇಡಿರೆಂದು ಹೇಳಿದ್ದಾಗಿದೆ. ಇಲ್ಲಿ ಬರೆಯುತ್ತಿರುವುದು ಉಳಿದವರಿಗಾಗಿ.

ಬಸವನಗುಡಿಯ ಪರಿಷೆ ನಮ್ಮ ಮಕ್ಕಳ ಪಾಲಿಗೆ ವರ್ಷದ ದೊಡ್ಡ ಹಬ್ಬ. ತಾವು ಬೆಳೆದ ಕಡಲೆಕಾಯಿಯನ್ನು ಬಸವ ಬಂದು ಮೇಯುತ್ತಿದ್ದುದನ್ನು ಕಂಡ ಸುಂಕೇನಹಳ್ಳಿ, ಗುಟ್ಟಹಳ್ಳಿ, ಮಾವಳ್ಳಿಗಳ ರೈತರು ಮೊದಲ ಬೆಳೆಯನ್ನು ಅವನಿಗೇ ಒಪ್ಪಿಸುವುದಾಗಿ ಹರಕೆ ಹೊತ್ತರೆಂಬ ಐತಿಹ್ಯವನ್ನು ನಾನೂ ನನ್ನ ಅಜ್ಜಿಯ ಬಾಯಲ್ಲಿ ಕೇಳಿ ಬೆಳೆದವನು. ಕಾರ್ತಿಕದ ಕೊನೆಯ ಸೋಮವಾರ ತ್ಯಾಗರಾಜನಗರದಿಂದ ನಡೆದೇ ಹೋಗಿ, ಹಸಿಯದು, ಹುರಿದದ್ದು, ಬೇಯಿಸಿದ್ದು ಎಂದು ಮೂರು ಬಗೆಯನ್ನೂ ಜೇಬಿಗೆ ತುಂಬಿಕೊಂಡು ಬಂದವನು. ಆದುದರಿಂದ ಕಡಲೆಕಾಯಿಯ ಮೇಲೆ ನನಗೆ ವೈರವಿಲ್ಲ. ನನ್ನ ವೈರವಿರುವುದು "ನೆತ್ತಿಗೆ ಹತ್ತಿತು" ಎಂಬ ಮಾತಿನ ಮೇಲೆ.

ನೆತ್ತಿಯನ್ನು ತಟ್ಟಿ "ಯಾರೋ ನೆನೆಸಿಕೊಳ್ಳುತ್ತಿದ್ದಾರೆ" ಎನ್ನುವುದರಲ್ಲಿರುವ ಅಂತಃಕರಣವನ್ನು ನಾನು ಅಲ್ಲಗಳೆಯುವವನಲ್ಲ. ಆದರೆ ಶರೀರಶಾಸ್ತ್ರವನ್ನು ಓದಿದವನಿಗೆ ಅನ್ನದ ಅಗುಳಾಗಲಿ ಕಡಲೆಬೀಜವಾಗಲಿ ಬಾಯಿಂದ ನೆತ್ತಿಗೆ ಏರತಕ್ಕ ಮಾರ್ಗ ಯಾವುದೂ ಕಾಣುವುದಿಲ್ಲ. ಇರುವುದು ಗಂಟಲಿನಲ್ಲಿ ಕವಲಾಗುವ ಎರಡೇ ದಾರಿಗಳು, ಒಂದು ಹೊಟ್ಟೆಗೆ, ಇನ್ನೊಂದು ಶ್ವಾಸಕೋಶಕ್ಕೆ. ನಗುತ್ತಲೋ ಓಡುತ್ತಲೋ ಅಣ್ಣಂದಿರೊಡನೆ ಜಗಳವಾಡುತ್ತಲೋ ತಿನ್ನುವ, ಅರೆಯುವ ದವಡೆಹಲ್ಲುಗಳು ಇನ್ನೂ ಪೂರ್ತಿ ಬಾರದ ಎಳೆಯ ಮಗುವಿನ ಬಾಯಲ್ಲಿ ಇಡಿಯ ಬೀಜವು ನುರಿಯದೆ ಜಾರಿ, ಉಸಿರು ಒಳಗೆಳೆದ ಕ್ಷಣದಲ್ಲಿ ಎರಡನೆಯ ದಾರಿಯನ್ನು ಹಿಡಿಯುತ್ತದೆ. ಆಗ ಬರುವ ಭೀಕರವಾದ ಕೆಮ್ಮು ಕೆಲವು ನಿಮಿಷಗಳಲ್ಲಿ ನಿಲ್ಲುತ್ತದೆ. ನಿಂತದ್ದು ಬೀಜ ಹೊರಬಂದದ್ದರಿಂದಲೇ ಎಂದು ತಿಳಿಯಬಾರದು. ಅದು ಇನ್ನೂ ಕೆಳಗಿಳಿದು, ಹೆಚ್ಚು ಅಗಲವೂ ಹೆಚ್ಚು ನೇರವೂ ಆದ ಬಲಗಡೆಯ ಕವಲಿನಲ್ಲಿ ಸೇರಿಕೊಂಡು ಸುಮ್ಮನಾದಾಗಲೂ ಕೆಮ್ಮು ನಿಲ್ಲುತ್ತದೆ. ಅಜ್ಜಿಯ ಕೈಗುಣಕ್ಕೆ ಕೀರ್ತಿ ಬರುವುದು ಇದೇ ಘಳಿಗೆಯಲ್ಲಿ. ಅಲ್ಲಿ ಕುಳಿತ ಬೀಜವಾದರೋ ತೇವವನ್ನು ಹೀರಿ ಉಬ್ಬುತ್ತದೆ, ಅದರ ಎಣ್ಣೆಯು ನಾಳದ ಒಳಪೊರೆಯನ್ನು ಕೆರಳಿಸುತ್ತದೆ, ಮತ್ತು ವಾರಗಟ್ಟಲೆ ಮಗು ಗೊರಗುಟ್ಟುತ್ತದೆ. ಥಂಡಿ, ಅಸ್ತಮಾ, ನಿಮೋನಿಯಾ ಎಂದು ಮೂರು ಹೆಸರುಗಳಲ್ಲಿ ಮೂರು ಬಾರಿ ಔಷಧವಾಗುತ್ತದೆ.

ಇಂತಹ ಮಗುವಿಗೆ ಎದೆಯ ಎಕ್ಸ್-ರೇ ಅವಶ್ಯಕ. ಆದರೆ ಕಡಲೆಬೀಜವು ನಾಣ್ಯದಂತೆ ಎಕ್ಸ್-ರೇಯಲ್ಲಿ ಕಾಣುವ ವಸ್ತುವಲ್ಲ. ಕಾಣುವುದಾದರೆ ಅದರ ಪರಿಣಾಮ ಮಾತ್ರ, ಒಂದು ಪಕ್ಕದಲ್ಲಿ ಗಾಳಿ ಸಿಕ್ಕಿಕೊಂಡಂತೆ, ಇಲ್ಲವೇ ಶ್ವಾಸಕೋಶದ ಒಂದು ಭಾಗ ಕುಗ್ಗಿದಂತೆ. ಅದೂ ಕಾಣದಿರಬಹುದು. "ಎಕ್ಸ್-ರೇ ನಾರ್ಮಲ್" ಎಂಬ ಚೀಟಿಯನ್ನು ನಂಬಿ ಮಗುವನ್ನು ಮನೆಗೆ ಕಳುಹಿಸಿ, ಹದಿನೈದು ದಿನಗಳ ಅನಂತರ ಅದೇ ಮಗುವನ್ನು ಏದುಸಿರಿನೊಡನೆ ಮತ್ತೆ ಕಂಡ ಲಜ್ಜೆ ನನ್ನ ವೃತ್ತಿಯ ಆರಂಭದ ವರ್ಷಗಳಿಗೆ ಸೇರಿದ್ದು. ಅಂದಿನಿಂದ, ತಿನ್ನುವಾಗ ಹಠಾತ್ತನೆ ಕೆಮ್ಮು ಬಂದಿತೆಂಬ ಒಂದು ಮಾತು ತಾಯಿಯ ಬಾಯಿಂದ ಬಂದರೆ ಸಾಕು, ಚಿತ್ರದಲ್ಲಿ ಏನಿದ್ದರೂ ಇಲ್ಲದಿದ್ದರೂ ಬ್ರಾಂಕೋಸ್ಕೋಪಿಗೆ ಕಳುಹಿಸುತ್ತೇನೆ. ಅರಿವಳಿಕೆ ಕೊಟ್ಟು, ಕೊಳವೆಯನ್ನಿಳಿಸಿ, ಕಣ್ಣಿಂದ ಕಂಡು ತೆಗೆಯುವ ಈ ವಿಧಾನವನ್ನು ಜರ್ಮನಿಯ ಕಿಲಿಯನ್ ಎಂಬ ವೈದ್ಯನು 1897ರಲ್ಲಿಯೇ ಮಾಡಿ ತೋರಿಸಿದನು; ಹೊಸ ಪ್ರಯೋಗವೆಂದು ಯಾರೂ ಅಂಜಬೇಕಾಗಿಲ್ಲ.

ಮಗುವಿನ ಉಸಿರೇ ಕಟ್ಟಿದರೆ ಮಾಡತಕ್ಕದ್ದನ್ನೂ ಹೇಳಿಬಿಡುತ್ತೇನೆ. ಮಗು ಗಟ್ಟಿಯಾಗಿ ಕೆಮ್ಮುತ್ತಿದ್ದರೆ, ಅಳುತ್ತಿದ್ದರೆ, ಕೆಮ್ಮಲು ಬಿಡಿ. ನೀರು ಕುಡಿಸಬೇಡಿ, ಬಾಳೆಹಣ್ಣು ನುಂಗಿಸಬೇಡಿ, ಕಾಣದ ವಸ್ತುವಿಗಾಗಿ ಬಾಯಿಗೆ ಬೆರಳು ಹಾಕಿ ತಡಕಬೇಡಿ. ಧ್ವನಿಯೇ ಹೊರಡದಿದ್ದರೆ, ಒಂದು ವರ್ಷ ದಾಟಿದ ಮಗುವನ್ನು ಮುಂದಕ್ಕೆ ಬಾಗಿಸಿ ಎರಡು ಹೆಗಲೆಲುಬುಗಳ ನಡುವೆ ಅಂಗೈಯ ಬುಡದಿಂದ ಐದು ಬಾರಿ ಬಲವಾಗಿ ಹೊಡೆಯಿರಿ. ಹೊರಬಾರದಿದ್ದರೆ ಹಿಂದಿನಿಂದ ತಬ್ಬಿ, ಹೊಕ್ಕುಳಿಗಿಂತ ತುಸು ಮೇಲೆ ಮುಷ್ಟಿಯಿಟ್ಟು ಒಳಕ್ಕೂ ಮೇಲಕ್ಕೂ ಐದು ಬಾರಿ ಒತ್ತಿರಿ. ಎರಡನ್ನೂ ಹೀಗೆಯೇ ಒಂದಾದ ಮೇಲೊಂದರಂತೆ ಮುಂದುವರಿಸಿರಿ. ವರ್ಷ ತುಂಬದ ಕೂಸಾದರೆ ಮುಂಗೈ ಮೇಲೆ ತಲೆಕೆಳಗಾಗಿ ಬೋರಲು ಮಲಗಿಸಿಕೊಂಡು ಬೆನ್ನಿಗೆ ಐದು ಪೆಟ್ಟು, ಮಗುಚಿ ಎದೆಯ ನಡುವೆ ಐದು ಒತ್ತು. ಕೂಸಿನ ಹೊಟ್ಟೆಯನ್ನು ಮಾತ್ರ ಒತ್ತಕೂಡದು. ಜೊತೆಯಲ್ಲಿರುವವರು 108ಕ್ಕೆ ಕರೆ ಮಾಡಲಿ. ಪೆಟ್ಟು ಬೀಳಬೇಕಾದದ್ದು ಬೆನ್ನಿಗೆ, ನೆತ್ತಿಗಲ್ಲ.

ನಾಲ್ಕು ವರ್ಷ ತುಂಬುವವರೆಗೆ ಇಡಿಯ ಕಡಲೆಬೀಜ ಕೊಡಬೇಡಿ. ಚಟ್ನಿಪುಡಿಯಾಗಿಯೋ, ನುಣ್ಣಗೆ ಅರೆದ ಉಂಡೆಯಾಗಿಯೋ ಕೊಡಿ. ನೀವು ಕೊಡದಿದ್ದರೂ ಐದು ವರ್ಷದ ಅಕ್ಕ ಪ್ರೀತಿಯಿಂದ ತಮ್ಮನ ಬಾಯಿಗೆ ಇಡುತ್ತಾಳೆ. ಒಬ್ಬನೇ ಮಗುವಿರುವ ಮನೆಯವರಿಗೆ ತಿಳಿಯದ ಅಪಾಯವಿದು.

ಪ್ರಶ್ನೆ: ಒಂಬತ್ತು ತಿಂಗಳ ಹೆಣ್ಣುಮಗು, ನಮ್ಮ ಮೂರನೆಯವಳು. ಲಾಲ್‌ಬಾಗಿನ ಫ್ಲವರ್ ಶೋಗೆ ಹೋಗಿ ಬಂದಾಗಿನಿಂದ ಮೂರು ದಿನ 102 ಡಿಗ್ರಿ ಜ್ವರ. ನೆಗಡಿ, ಕೆಮ್ಮು ಏನೂ ಇಲ್ಲ. ನಮ್ಮತ್ತೆ ಹಲ್ಲು ಬರುತ್ತಿದೆ ಅನ್ನುತ್ತಾರೆ, ನಮ್ಮೆಜಮಾನರು ಬಿಸಿಲು ಅನ್ನುತ್ತಾರೆ. ಯಾರು ಸರಿ?

ಇಬ್ಬರೂ ಅಲ್ಲ. ಹಲ್ಲು ಹುಟ್ಟುವಾಗ ಮಗು ಜೊಲ್ಲು ಸುರಿಸುತ್ತದೆ, ಕಚ್ಚುತ್ತದೆ, ರಾತ್ರಿ ರಗಳೆ ಮಾಡುತ್ತದೆ, ಮೈ ತುಸು ಬೆಚ್ಚಗಾದರೂ ಆಗಬಹುದು. ಆದರೆ ಹಲ್ಲಿಗೆ 102 ಡಿಗ್ರಿಯ ಜ್ವರವನ್ನು ತರುವ ಸಾಮರ್ಥ್ಯವಿಲ್ಲ. ತಾಯಿಯಿಂದ ಬಂದ ರೋಗನಿರೋಧಕ ಶಕ್ತಿ ತೀರುವುದೂ, ಅಂಬೆಗಾಲಿಡುತ್ತ ಅಣ್ಣನ ಚಪ್ಪಲಿಯಿಂದ ಹಿಡಿದು ಸಿಕ್ಕಿದ್ದನ್ನೆಲ್ಲ ಬಾಯಿಗಿಡುವುದೂ, ಹಲ್ಲು ಮೂಡುವುದೂ ಏಕಕಾಲದಲ್ಲಿ ಒದಗುವುದರಿಂದ, ಬಡಪಾಯಿ ಹಲ್ಲಿಗೆ ತಾನು ಮಾಡದ ತಪ್ಪಿನ ಹೊಣೆ ಬಂದಿದೆ.

ನೆಗಡಿಯಿಲ್ಲದ, ಕೆಮ್ಮಿಲ್ಲದ, ಕಾರಣ ತೋರದ ಜ್ವರವು ಎಳೆಯ ಮಗುವಿನಲ್ಲಿ, ವಿಶೇಷವಾಗಿ ಹೆಣ್ಣುಮಗುವಿನಲ್ಲಿ, ಕಂಡಿತೆಂದರೆ ನಾನು ಮೊದಲು ಕೇಳುವುದು ಮೂತ್ರಪರೀಕ್ಷೆ. ಉರಿಯುತ್ತದೆಂದು ಹೇಳಲು ಕೂಸಿಗೆ ಬಾಯಿಲ್ಲ. ಜ್ವರವೊಂದೇ ಅದರ ಭಾಷೆ. ಇಂದೇ ಹೋಗಿ, ಶುದ್ಧವಾಗಿ ಮೂತ್ರವನ್ನು ಸಂಗ್ರಹಿಸಿ, ಕಲ್ಚರ್ ಸಹಿತ ಪರೀಕ್ಷೆ ಮಾಡಿಸಿ. ಆ್ಯಂಟಿಬಯಾಟಿಕ್‌ನ ಮೊದಲ ಹನಿ ಬೀಳುವುದಕ್ಕೆ ಮುಂಚೆ ಇದು ಆಗಬೇಕು. ಅನಂತರ ಮಾಡಿಸಿದರೆ ಫಲಿತಾಂಶವನ್ನು ನಂಬುವಂತಿಲ್ಲ. ಸೋಂಕು ಇದ್ದರೆ ಮೂತ್ರಪಿಂಡಗಳ ಸ್ಕ್ಯಾನಿಂಗ್ ಕೂಡ ಆಗಲಿ. "ಇಷ್ಟಕ್ಕೆಲ್ಲ ಟೆಸ್ಟ್ ಬರೆಯುತ್ತಾರೆ" ಎಂದು ಗೊಣಗುವವರನ್ನು ನಾನು ಬಲ್ಲೆ. ಅಂತಹ ಸೋಂಕುಗಳು ಮೂತ್ರಪಿಂಡದಲ್ಲಿ ಬಿಟ್ಟುಹೋದ ಕಲೆಗಳನ್ನೂ ಬಲ್ಲೆ. ಮಳೆಗಾಲದ ತಿಂಗಳುಗಳಾದರೆ ಡೆಂಗ್ಯೂ ಪರೀಕ್ಷೆಯನ್ನೂ ಸೇರಿಸಿಕೊಳ್ಳಿ. ಮತ್ತು ಮೂರು ತಿಂಗಳು ತುಂಬದ ಕೂಸಿಗೆ ಜ್ವರ ಬಂದರೆ ಈ ಅಂಕಣಕ್ಕೆ ಕಾಗದ ಬರೆಯುತ್ತ ಕೂರದೆ ಆಸ್ಪತ್ರೆಗೆ ಧಾವಿಸಿ.

ಪ್ರಶ್ನೆ: ಮೊಮ್ಮಗ ಮೂರು ವರ್ಷದವನು. ಮದುವೆಗೆ ಹೋಗಿ ಬಂದ ಮೇಲೆ ದೃಷ್ಟಿ ತಾಗಿ ಊಟ ಬಿಟ್ಟಿದ್ದಾನೆ. ಬಿಳಿಚಿಕೊಂಡಿದ್ದಾನೆ. ಹೂಕುಂಡದ ಮಣ್ಣು ತಿನ್ನುತ್ತಾನೆ. ಹಾಲು ಮಾತ್ರ ದಿನಕ್ಕೆ ಒಂದು ಲೀಟರ್ ಕುಡಿಯುವುದರಿಂದ ಯೋಚನೆ ಇಲ್ಲ. — ಒಬ್ಬ ಅಜ್ಜಿ, ಬನಶಂಕರಿ

ತಾಯಿ, ತಮ್ಮ ವಯಸ್ಸಿಗೆ ನಮಸ್ಕಾರ. ಉಪ್ಪು ಮೆಣಸಿನಕಾಯಿಯನ್ನು ನಿವಾಳಿಸಿ ಒಲೆಗೆ ಹಾಕುವುದಕ್ಕೆ ನನ್ನ ಆಕ್ಷೇಪವಿಲ್ಲ. ಘಾಟಿನಿಂದ ಮಗು ಕೆಮ್ಮದಂತೆ ನೋಡಿಕೊಳ್ಳಿ, ಅಷ್ಟೆ. ಆದರೆ ತಾವು ಯಾವುದನ್ನು ಸಮಾಧಾನವೆಂದು ಬರೆದಿದ್ದೀರೋ ಅದೇ ನನ್ನ ಚಿಂತೆ. ಹಾಲಿನಲ್ಲಿ ಕಬ್ಬಿಣಾಂಶ ಇಲ್ಲವೆನ್ನುವಷ್ಟು ಕಡಿಮೆ. ಒಂದು ಲೀಟರ್ ಹಾಲು ಕುಡಿದ ಹೊಟ್ಟೆಯಲ್ಲಿ ಸೊಪ್ಪಿಗೂ ಬೇಳೆಗೂ ಜಾಗವೆಲ್ಲಿ? ಬಿಳಿಚಿಕೊಂಡು ಮಣ್ಣು ತಿನ್ನುವ ಮಗುವಿಗೆ ಹಿಮೋಗ್ಲೋಬಿನ್ ಪರೀಕ್ಷೆಯನ್ನು ಈ ವಾರವೇ ಮಾಡಿಸಿ. ಹನ್ನೊಂದು ಗ್ರಾಂಗಿಂತ ಕಡಿಮೆಯಿದ್ದರೆ ಅದು ರಕ್ತಹೀನತೆ. ಹಾಲನ್ನು ಅರ್ಧ ಲೀಟರಿಗಿಂತ ಕೆಳಗಿಳಿಸಿ. ನುಗ್ಗೆಸೊಪ್ಪು, ಹುರುಳಿ, ಅವುಗಳ ಮೇಲೆ ನಿಂಬೆಹುಳಿ ಇರಲಿ. ಲೋಟದ ತಳದ ಚಹಾವನ್ನು ಮುದ್ದಿನಿಂದ ಕುಡಿಸುವುದು ನಿಲ್ಲಲಿ. ಜಂತುಹುಳುವಿನ ಮಾತ್ರೆಯನ್ನು ಸರಕಾರವೇ ಫೆಬ್ರವರಿ 10 ಮತ್ತು ಆಗಸ್ಟ್ 10ರಂದು ಅಂಗನವಾಡಿಗಳಲ್ಲಿ ಕೊಡುತ್ತದೆ, ತಪ್ಪಿಸಬೇಡಿ. ಕಬ್ಬಿಣದ ಔಷಧ ಕೊಟ್ಟಾಗ ಮಲ ಕಪ್ಪಾಗುತ್ತದೆ, ಗಾಬರಿ ಬೇಡ. ಕೆನ್ನೆ ಕೆಂಪಾಯಿತೆಂದು ತಿಂಗಳಿಗೇ ನಿಲ್ಲಿಸಲೂ ಬೇಡಿ.

ಪ್ರಶ್ನೆ: ಹಿರಿಯ ಮಗನಿಗೆ ಅಮ್ಮ ಆಗಿದೆ. ಉಳಿದ ಇಬ್ಬರನ್ನು ಊರಿನ ಜಾತ್ರೆಗೆ ಕರೆದುಕೊಂಡು ಹೋಗಬಹುದೇ?

ಸೀತಾಳೆ ಸಿಡುಬು ಗುಳ್ಳೆ ಏಳುವ ಎರಡು ದಿನ ಮೊದಲಿನಿಂದಲೇ ಅಂಟುತ್ತದೆ. ಉಳಿದಿಬ್ಬರಿಗೆ ಅದು ಈಗಾಗಲೇ ಅಂಟಿರಬಹುದು, ಕಾಣಿಸಿಕೊಳ್ಳಲು ಇಪ್ಪತ್ತೊಂದು ದಿನಗಳವರೆಗೆ ಹಿಡಿಯಬಹುದು. ಊರಿನಲ್ಲಿ ಬಸುರಿಯರೂ ಕೂಸುಗಳೂ ಇರುತ್ತಾರೆ. ಜಾತ್ರೆ ಮುಂದಿನ ವರ್ಷವೂ ಬರುತ್ತದೆ. ಜ್ವರಕ್ಕೆ ಆಸ್ಪಿರಿನ್ ಕೊಡಬೇಡಿ. ಸ್ನಾನ ನಿಲ್ಲಿಸಬೇಡಿ. ಉಳಿದಿಬ್ಬರಿಗೆ ಲಸಿಕೆ ಆಗಿಲ್ಲವಾದರೆ ಇಂದೇ ವೈದ್ಯರನ್ನು ಕೇಳಿ.

ಪ್ರಶ್ನೆ: ಭಾನುವಾರ ಮನೆಯವರೆಲ್ಲ ಸ್ಕೂಟರಿನಲ್ಲಿ ಲಾಲ್‌ಬಾಗಿಗೆ ಹೋಗುತ್ತೇವೆ. ಮುಂದೆ ನಿಲ್ಲುವ ಮೂರೂವರೆ ವರ್ಷದ ಮಗನಿಗೆ ಗಾಳಿ ಧೂಳಿಗೆ ಕಣ್ಣು ಕೆಂಪಾಗುತ್ತದೆ. ಯಾವ ಡ್ರಾಪ್ಸ್ ಹಾಕಬೇಕು?

"ಮನೆಯವರೆಲ್ಲ" ಎಂದರೆ ತಾವು, ತಮ್ಮ ಶ್ರೀಮತಿಯವರು ಮತ್ತು ಮೂವರು ಮಕ್ಕಳು ಎಂದು ಕಾಗದದಿಂದ ಲೆಕ್ಕ ಹಾಕಿದ್ದೇನೆ. ನೆಟ್ಟಕಲ್ಲಪ್ಪ ವೃತ್ತದ ವಾಹನಗಳ ನಡುವೆ ಐದು ಜೀವಗಳು ಎರಡು ಚಕ್ರಗಳ ಮೇಲೆ ಹೋಗುತ್ತಿರುವಾಗ, ತಾವು ಚಿಂತಿಸುತ್ತಿರುವುದು ಒಂದು ಕಣ್ಣಿನ ಕೆಂಪನ್ನು ಕುರಿತು. ಬ್ರೇಕ್ ಹಾಕಿದಾಗ ಮುಂದೆ ನಿಂತ ಮಗುವಿನ ಗದ್ದ ಹ್ಯಾಂಡಲಿಗೆ ಬಡಿಯುತ್ತದೆ. ಹಾಗೆ ಬಡಿಸಿಕೊಂಡು ಬಂದವರಿಗೆ ನಾನು ಹೊಲಿಗೆ ಹಾಕಿದ್ದೇನೆ. ನಾಲ್ಕು ವರ್ಷದೊಳಗಿನ ಮಗುವನ್ನು ಸವಾರನಿಗೆ ಪಟ್ಟಿಯಿಂದ ಬಿಗಿದಿರಬೇಕು, ಅದರ ತಲೆಗೆ ಹೆಲ್ಮೆಟ್ ಇರಬೇಕು, ವೇಗ 40 ಕಿಲೋಮೀಟರ್ ಮೀರಬಾರದು ಎಂಬ ನಿಯಮ 2023ರ ಫೆಬ್ರವರಿ 15ರಿಂದಲೇ ಇದೆ. ಸೌತ್ ಎಂಡ್ ವೃತ್ತದಲ್ಲಿ ಮೆಟ್ರೊ ಹತ್ತಿದರೆ ಮುಂದಿನ ನಿಲ್ದಾಣವೇ ಲಾಲ್‌ಬಾಗ್; ಮಕ್ಕಳಿಗೆ ಹೂವಿಗಿಂತ ರೈಲೇ ಹೆಚ್ಚು ಹಿಡಿಸುತ್ತದೆಂದು ನನ್ನ ಊಹೆ.

ಕಣ್ಣಿಗೆ ಶುದ್ಧವಾದ ತಣ್ಣೀರು ಸಾಕು. ಅಂಗಡಿಯವರು ಕೊಡುವ, ಸ್ಟೀರಾಯ್ಡ್ ಬೆರೆತಿರಬಹುದಾದ ಹನಿಗಳನ್ನು ಹಾಕಬೇಡಿ. ಎರಡು ದಿನಗಳಲ್ಲಿ ಕೆಂಪು ಇಳಿಯದಿದ್ದರೆ, ನೋವಿದ್ದರೆ ಅಥವಾ ಬೆಳಕಿಗೆ ಕಣ್ಣು ಮುಚ್ಚಿಕೊಂಡರೆ ಕಣ್ಣಿನ ವೈದ್ಯರಿಗೆ ತೋರಿಸಿ. ಅಲ್ಲಿಗೂ ಐವರೂ ಸ್ಕೂಟರಿನಲ್ಲಿ ಹೋಗಬೇಡಿ.