ಎರಡೂ ನಟ್ಟು ಒಂದೇ ಸಮ

ಫಿಟ್ಟರ್ ಕೆಲಸಕ್ಕೆ ಹೊಸದಾಗಿ ಸೇರಿರುವ ತಮ್ಮನಿಗೆ,

ಸ್ಟೀಮ್ ಲೈನಿನ ವಾಲ್ವ್ ಸೋರುತ್ತಿದೆ ಎಂದರೆ ಹೊಸಬರ ಕೈ ಮೊದಲು ಸ್ಪ್ಯಾನರಿಗೆ ಹೋಗುತ್ತದೆ. ಪಳಗಿದ ಫಿಟ್ಟರ್ ಮಾತ್ರ ಮೊದಲು ಗ್ಲ್ಯಾಂಡ್ ಫ್ಲ್ಯಾಂಜಿನ ಕೆಳಗಿನ ಸಂದು ನೋಡುತ್ತಾನೆ. ಒಂದು ಬದಿ ಆರು ಮಿಲಿಮೀಟರ್, ಇನ್ನೊಂದು ಬದಿ ಮೂರು ಇದ್ದರೆ ರೋಗ ಅಲ್ಲೇ ಸಿಕ್ಕಿತು.

ಒಂದು ಸಕ್ಕರೆ ಕಾರ್ಖಾನೆಯ ಬಾಯ್ಲರ್ ಮನೆಯಲ್ಲಿ ನಡೆದದ್ದು ಇದು. ಕಬ್ಬು ನುರಿಸುವ ಹಂಗಾಮು, ಎಲ್ಲರಿಗೂ ಅವಸರ. ಅಪ್ರೆಂಟಿಸ್ ಒಬ್ಬ ಗ್ಲ್ಯಾಂಡಿನ ಎರಡು ನಟ್ಟುಗಳಲ್ಲಿ ತನ್ನ ಕೈಗೆಟುಕಿದ್ದನ್ನಷ್ಟೇ ಸ್ಪ್ಯಾನರಿಗೆ ಪೈಪು ಸಿಕ್ಕಿಸಿ ಬಿಗಿದ. ಸೋರಿಕೆ ನಿಂತದ್ದು ಅರ್ಧ ದಿನ. ವಾಲಿದ ಗ್ಲ್ಯಾಂಡ್ ಸ್ಪಿಂಡಲಿಗೆ ಉಜ್ಜಿ ಉದ್ದಕ್ಕೆ ಗೀರು ಬಿತ್ತು. ಆಮೇಲೆ ಸ್ಪಿಂಡಲಿನ ಸುತ್ತ ತುಂಬುವ ಪ್ಯಾಕಿಂಗ್ ಎಷ್ಟು ಸಲ ಬದಲಿಸಿದರೂ ಹಬೆ ಆ ಗೀರಿನ ಜಾಡು ಹಿಡಿದೇ ಹೊರಬಂತು. ಕೊನೆಗೆ ಸ್ಪಿಂಡಲನ್ನೇ ಬದಲಿಸಬೇಕಾಯಿತು. ಹುಡುಗನನ್ನು ಬೈದವರು ಹಲವರು. ಅವನಿಗೆ ಮೊದಲೇ ಹೇಳಿಕೊಟ್ಟವರು ಒಬ್ಬರೂ ಇರಲಿಲ್ಲ. ಈ ಪತ್ರ ಹುಟ್ಟಿದ್ದು ಆ ಸಂಕಟದಿಂದ.

ಗ್ಲ್ಯಾಂಡ್ ಮೇಲಿನಿಂದ ಒತ್ತಿದಾಗ ಪ್ಯಾಕಿಂಗ್ ಅಡ್ಡಕ್ಕೆ ಉಬ್ಬಿ ಸ್ಪಿಂಡಲನ್ನು ಅಪ್ಪಿಕೊಳ್ಳುತ್ತದೆ. ಆ ಒತ್ತಡ ಕೆಳಗಿಳಿಯುತ್ತಾ ಗೋಡೆಯ ಘರ್ಷಣೆಗೇ ಕರಗುವುದರಿಂದ ಮೇಲಿನ ಸುತ್ತು ಬಿಗಿ, ತಳದ ಸುತ್ತು ಸಡಿಲ. ಹಾಗಾಗಿಯೇ ಹೊಸ ಪ್ಯಾಕಿಂಗ್ ಹಾಕುವಾಗ ಪ್ರತಿ ಸುತ್ತನ್ನೂ ಬೇರೆ ಬೇರೆಯಾಗಿ ಒತ್ತಿ ಕೂರಿಸಬೇಕು. ಒಂದರ ಕೀಲು ಇನ್ನೊಂದರ ಕೀಲಿನ ಮೇಲೆ ಬರದಂತೆ 90 ಡಿಗ್ರಿ ತಿರುಗಿಸಿ ಇಡಬೇಕು. ನಂತರ ಈ ನಟ್ಟು ಒಂದು ಮುಖ, ಆ ನಟ್ಟು ಒಂದು ಮುಖ. ಆರು ಮುಖದ ನಟ್ಟಿನಲ್ಲಿ ಅದು 60 ಡಿಗ್ರಿ. ನಡುನಡುವೆ ವಾಲ್ವನ್ನು ಪೂರ್ತಿ ತೆರೆದು ಮುಚ್ಚಿದರೆ ಪ್ಯಾಕಿಂಗ್ ಇನ್ನಷ್ಟು ಕೂರುತ್ತದೆ, ನಟ್ಟು ಮತ್ತೆ ಸಡಿಲವಾಗುತ್ತದೆ. ಮತ್ತೆ ಬಿಗಿ. ಹ್ಯಾಂಡ್‌ವೀಲ್ ತಿರುಗಿಸಲು ತೀರಾ ಭಾರವಾಯಿತೋ, ಅಲ್ಲಿಗೆ ನಿಲ್ಲಿಸು.

ಪಂಪಿನ ಲೆಕ್ಕ ಬೇರೆ. ಅಲ್ಲಿ ಗ್ಲ್ಯಾಂಡಿನಿಂದ ಹನಿ ಬೀಳಲೇಬೇಕು. ಶಾಫ್ಟಿಗೆ ತಂಪು ಕೊಡುವುದೇ ಆ ನೀರು. ಪೂರ್ತಿ ಬಿಗಿದರೆ ಪ್ಯಾಕಿಂಗ್ ಸುಟ್ಟು ಹೋಗುತ್ತದೆ.

ಸೂಪರ್‌ಹೀಟೆಡ್ ಸ್ಟೀಮ್ ಕಣ್ಣಿಗೆ ಕಾಣುವುದಿಲ್ಲ, ತಮ್ಮಾ. ಬಿಳಿಯಾಗಿ ಕಾಣುವುದು ದೂರ ಹೋಗಿ ತಣಿದ ಮೇಲಿನ ಹನಿಗಳು. ಆದ್ದರಿಂದ ಸೋರುವ ಜಾಗವನ್ನು ಎಂದೂ ಕೈಯಿಂದ ತಡಕಬೇಡ. ಒತ್ತಡವಿರುವ ಲೈನಿನಲ್ಲಿ ನಟ್ಟು ಸಡಿಲಿಸಲೇಬೇಡ; ಬಿಗಿಯುವುದಕ್ಕೂ ಪರ್ಮಿಟ್ ಬೇಕು, ಪಕ್ಕಕ್ಕೆ ನಿಂತೇ ಬಿಗಿಯಬೇಕು. ಗ್ಲ್ಯಾಂಡ್ ಫ್ಲ್ಯಾಂಜಿನ ಕೆಳಗೆ ಸಂದೇ ಉಳಿದಿಲ್ಲವೆಂದರೆ ಆ ಪ್ಯಾಕಿಂಗ್ ಮುಗಿದ ಹಾಗೆ. ಶಟ್‌ಡೌನ್ ಪಟ್ಟಿಗೆ ಅದನ್ನು ಸೇರಿಸು. ಹಳೆಯ ವಾಲ್ವುಗಳಲ್ಲಿ ಆಸ್ಬೆಸ್ಟಾಸ್ ಹಗ್ಗ ಇರಬಹುದು. ಅದರ ಧೂಳು ಶ್ವಾಸಕೋಶಕ್ಕೆ ವಿಷ, ಏರ್ ಹೋಸಿನಿಂದ ಊದಬೇಡ.

ನಾಳೆ ಪಾಳಿಗೆ ಹೋದಾಗ ನಿನ್ನ ಪಾಲಿನ ವಾಲ್ವುಗಳ ಸಂದನ್ನು ಎರಡೂ ಬದಿ ಅಳೆದು, ತಾರೀಖು ಹಾಕಿ ಪುಸ್ತಕದಲ್ಲಿ ಬರೆದಿಡು. ವಾರ ಬಿಟ್ಟು ಮತ್ತೆ ಅಳೆ.