ಮೂಗಿನ ಒಳಗಿಂದ ಆಪರೇಷನ್: ಬಸ್ಸು ಹತ್ತುವ ಮುನ್ನ ಏಳು ಸೂತ್ರ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆಯವರು ಮೂಗಿನ ದೊಡ್ಡ ಆಪರೇಷನ್‌ಗೆ ಬಳ್ಳಾರಿ, ದಾವಣಗೆರೆ, ಹುಬ್ಬಳ್ಳಿ, ಬೆಂಗಳೂರು ಅಂತ ಓಡಾಡುತ್ತಾರೆ. ‘ಅಲ್ಲಿ ರೋಬೋಟ್ ಐತಂತೆ’ ಎಂಬ ಮಾತು ಈಗ ಹಳ್ಳಿಕಟ್ಟೆಗೂ ಬಂದಿದೆ. ರೋಬೋಟ್ ಇರಲಿ, ಬಿಡಲಿ, ಆಪರೇಷನ್ ಫಲಿಸುವುದರಲ್ಲಿ ಮನೆಯವರ ಪಾಲು ದೊಡ್ಡದು.

1. ರೋಬೋಟ್ ಕೆಲಸ ಏನೆಂದು ತಿಳಿಯಿರಿ. ಮೂಗಿಗೆ ಹಾಕುವ ಎಂಡೋಸ್ಕೋಪ್ ಸುಮಾರು 4 ಮಿ.ಮೀ. ದಪ್ಪದ ಕೊಳವೆ. ಡಾಕ್ಟರು ಅದನ್ನು ಎಡಗೈಯಲ್ಲಿ ಹಿಡಿದರೆ ಕೆಲಸಕ್ಕೆ ಉಳಿಯುವುದು ಬಲಗೈ ಒಂದೇ. ಇಲ್ಲವೇ ಇನ್ನೊಬ್ಬ ಡಾಕ್ಟರು ಪಕ್ಕದಲ್ಲಿ ಗಂಟೆಗಟ್ಟಲೆ ಹಿಡಿದು ನಿಲ್ಲಬೇಕು. ಕೈ ಸೋಲುತ್ತದೆ, ಪರದೆಯ ಮೇಲೆ ಚಿತ್ರ ಅಲುಗುತ್ತದೆ. ರೋಬೋಟ್ ತೋಳು ಆ ಕೊಳವೆಯನ್ನು ಅಲುಗದಂತೆ ಹಿಡಿಯುತ್ತದೆ. ಡಾಕ್ಟರಿಗೆ ಎರಡೂ ಕೈ ಬಿಡುವಾಗುತ್ತವೆ. ಎಲುಬು ಕೊರೆಯುವುದು, ಗಡ್ಡೆ ತೆಗೆಯುವುದು ಅವರ ಕೈಯೇ. ಹೊಟ್ಟೆ ಆಪರೇಷನ್‌ನ ಡಾ ವಿಂಚಿ ರೋಬೋಟ್‌ನ ಉಪಕರಣಗಳು ಸಾಮಾನ್ಯವಾಗಿ 8 ಮಿ.ಮೀ. ದಪ್ಪ, ಅಂಥವು ಮೂರ್ನಾಲ್ಕು ಹೊಳ್ಳೆಯೊಳಗೆ ಹಿಡಿಸುವುದಾದರೂ ಹೇಗೆ?

2. ಯಂತ್ರಕ್ಕಿಂತ ಮೊದಲು ಪಳಗಿದ ಕೈ ಹುಡುಕಿ. ಮೂಗಿನ ದಾರಿಯಲ್ಲೇ ಗಡ್ಡೆ ತೆಗೆಯುವ ಜಾಗಗಳಲ್ಲಿ ಒಂದಾದ, ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿ ಬಟಾಣಿ ಕಾಳಿನಷ್ಟು. ಅದರ ಎರಡೂ ಪಕ್ಕ ಮಿದುಳಿಗೆ ರಕ್ತ ಒಯ್ಯುವ ನಾಳ, ಮೇಲೆ ಕಣ್ಣಿನ ನರ. ‘ಇಂಥವು ಎಷ್ಟು ಮಾಡೀರಿ ಸರ್? ಕಿವಿ-ಮೂಗಿನ ಡಾಕ್ಟ್ರು, ನರದ ಡಾಕ್ಟ್ರು ಇಬ್ರೂ ಇರ್ತಾರೇನ್ರಿ?’ ಎಂದು ಕೇಳಿ. ಕೇಳಿದರೆ ಅಗೌರವವಲ್ಲ.

3. ಸ್ಕ್ಯಾನಿಂಗ್ ಫಿಲ್ಮ್ ಜೊತೆ ಸಿಡಿಯನ್ನೂ ಒಯ್ಯಿರಿ. ಆಪರೇಷನ್ ವೇಳೆ ಮೂಗಿನೊಳಗೆ ದಾರಿ ತೋರಿಸುವ ನ್ಯಾವಿಗೇಷನ್ ಯಂತ್ರಕ್ಕೆ ಬೇಕಾದದ್ದು ಸಿಡಿಯೊಳಗಿನ ಚಿತ್ರ.

4. ತಾಲ್ಲೂಕು ಆಸ್ಪತ್ರೆಯ ರೆಫರಲ್ ಚೀಟಿ, ರೇಷನ್ ಕಾರ್ಡ್, ಆಧಾರ್ ಕೈಯಲ್ಲಿರಲಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ರೋಬೋಟ್ ಖರ್ಚು ಅದರಲ್ಲಿ ಸೇರುತ್ತದೆಯೇ ಎಂಬುದನ್ನು ಅಡ್ಮಿಟ್ ಆಗುವ ಮೊದಲೇ ಕೇಳಿ.

5. ನಶ್ಯ ಬಿಡಿ. ಸಕ್ಕರೆ ಕಾಯಿಲೆ ಹತೋಟಿಯಲ್ಲಿರಲಿ. 2021ರಲ್ಲಿ ಮೂಗಿಗೆ ತಗಲುವ ಕಪ್ಪು ಶಿಲೀಂಧ್ರ ಸೋಂಕು ಹೆಚ್ಚಾಗಿ ಕಾಡಿದ್ದು ಸಕ್ಕರೆ ಇದ್ದವರನ್ನೇ. ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದರೆ ತಪ್ಪದೆ ಹೇಳಿ. ಅದನ್ನು ಯಾವಾಗ ನಿಲ್ಲಿಸಬೇಕೆಂದು ಡಾಕ್ಟರೇ ಹೇಳಲಿ.

6. ವಾಸನೆಯ ಬಗ್ಗೆ ಮೊದಲೇ ಮಾತಾಡಿ. ಹಡಗಲಿ ಮಲ್ಲಿಗೆ ಜಿಐ ಮಾನ್ಯತೆ ಪಡೆದ ಹೂವು. ನಸುಕಿನಲ್ಲೇ ಮೊಗ್ಗು ಬಿಡಿಸಿ ಮಡಿಲು ತುಂಬಿಕೊಳ್ಳುವ ಅವ್ವನಿಗೆ ಆ ಘಮ ಸಣ್ಣ ಸಂಗತಿಯಲ್ಲ. ವಾಸನೆ ಹಿಡಿಯುವ ಪೊರೆ ಮೂಗಿನ ಮಾಳಿಗೆಯಲ್ಲಿದೆ. ಆಪರೇಷನ್ ಆದ ಮೇಲೆ ಹಕ್ಕಳೆ ಕಟ್ಟಿ ಕೆಲವು ವಾರ ವಾಸನೆ ಮಂಕಾಗುವುದುಂಟು. ಸಾಮಾನ್ಯವಾಗಿ ಮರಳುತ್ತದೆ, ಕೆಲವರಿಗೆ ಮರಳದೆಯೂ ಇರಬಹುದು. ‘ನನಗೆ ವಾಸನೆ ಮುಖ್ಯ’ ಎಂದು ಮೊದಲೇ ಹೇಳಿದರೆ ಡಾಕ್ಟರೂ ಅದನ್ನು ಮನಸ್ಸಿನಲ್ಲಿಟ್ಟು ಯೋಜಿಸುತ್ತಾರೆ. ಉಪ್ಪುನೀರಿನಲ್ಲಿ ಮೂಗು ತೊಳೆಯಲು ಹೇಳಿದರೆ ಕುದಿಸಿ ಆರಿಸಿದ ನೀರೇ ಬೇಕು, ಬೋರಿನ ಹಸಿ ನೀರು ಬೇಡ.

7. ಊರಿಗೆ ಬಂದ ಮೇಲೆ ಡಾಕ್ಟರು ಹೇಳುವವರೆಗೆ ಮೂಗು ಸೀಟಬೇಡಿ. ಸೀನು ಬಂದರೆ ಬಾಯಿ ತೆರೆದು ಸೀನಿ. ಕೊಡ, ಮೆಕ್ಕೆಜೋಳದ ಚೀಲ ಎತ್ತಬೇಡಿ, ಒಕ್ಕುವ ದೂಳಿನಲ್ಲಿ ನಿಲ್ಲಬೇಡಿ. ಬಗ್ಗಿದಾಗ ಮೂಗಿನಿಂದ ತಿಳಿನೀರು ತೊಟ್ಟಿಕ್ಕಿದರೆ ನೆಗಡಿಯೆಂದು ಸುಮ್ಮನಿರಬೇಡಿ; ಅದು ಮಿದುಳಿನ ಸುತ್ತಲಿನ ದ್ರವವಿರಬಹುದು. ಕೂಡಲೇ ಆಪರೇಷನ್ ಮಾಡಿದ ಆಸ್ಪತ್ರೆಗೆ ಫೋನ್ ಮಾಡಿ. ಜೊತೆಗೆ ಜ್ವರ, ಕತ್ತು ಬಿಗಿತ, ಕಣ್ಣು ಮಂಜು, ಇವುಗಳಲ್ಲಿ ಒಂದು ಕಂಡರೂ ಬೆಳಗಿನ ಬಸ್ಸಿಗೆ ಕಾಯದೆ ಆ ರಾತ್ರಿಯೇ 108ಕ್ಕೆ ಕರೆ ಮಾಡಿ.